ಟವರ್ ಬಿದ್ದರೂ ಮಾತು ನಿಲ್ಲದ ಹ್ಯಾಮ್ ರೇಡಿಯೊ

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಕರೆಂಟು ಹೋಯಿತು, ಮೊಬೈಲ್ ಕೈಕೊಟ್ಟಿತು. ಆಗ ನೆರವಿಗೆ ಬಂದವರಲ್ಲಿ ಹ್ಯಾಮ್‌ಗಳೂ ಇದ್ದರು. ಹ್ಯಾಮ್ ಎಂದರೆ ಸರ್ಕಾರದ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊ ನಿರ್ವಾಹಕ. ಈ ಕೆಲಸಕ್ಕೆ ಸಂಬಳವಿಲ್ಲ.

ಟವರ್ ಇಲ್ಲದೆ ಮಾತು ಹೇಗೆ? ಒಂದು ಸೆಟ್ಟಿನ ಅಲೆಯನ್ನು ಇನ್ನೊಂದು ಸೆಟ್ಟು ನೇರವಾಗಿ ಹಿಡಿಯುತ್ತದೆ, ಅಷ್ಟೇ. ಕೈಯಲ್ಲಿ ಹಿಡಿಯುವ 5 ವಾಟ್ ಸೆಟ್ಟಿನ ಮಾತು ಊರೊಳಗೆ ಕೆಲವೇ ಕಿಲೋಮೀಟರ್ ಹೋದೀತು. ಗುಡ್ಡದ ಮೇಲೆ ರಿಪೀಟರ್, ಅಂದರೆ ಕೇಳಿದ್ದನ್ನು ಮತ್ತೆ ಪ್ರಸಾರ ಮಾಡುವ ಯಂತ್ರ, ಇದ್ದರೆ ಇನ್ನೂ ದೂರ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಸುಮಾರು 350 ಕಿ.ಮೀ. ಅಷ್ಟು ದೂರಕ್ಕೆ 7 ಮೆಗಾಹರ್ಟ್ಸ್ ಅಲೆ ಬೇಕು. ಅದು ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ಕೆಳಗಿಳಿಯುತ್ತದೆ. ಆಂಟೆನಾ ಎಂದರೆ ಎರಡು ಮರಗಳ ನಡುವೆ ಕಟ್ಟಿದ ಸುಮಾರು 20 ಮೀಟರ್ ತಂತಿ. ಕರೆಂಟಿಗೆ ಕಾರಿನ ಬ್ಯಾಟರಿ ಸಾಕು.

ಎಲ್ಲರೂ ಒಟ್ಟಿಗೆ ಮಾತಾಡಿದರೆ ಗದ್ದಲವಾಗುವುದಿಲ್ಲವೇ? ಆಗುತ್ತದೆ. ಅದಕ್ಕೇ 'ನೆಟ್' ಎಂಬ ಕ್ರಮವಿದೆ. ನಿಯಂತ್ರಕ ಒಬ್ಬೊಬ್ಬರನ್ನೇ ಕರೆಸಂಕೇತದಿಂದ, ಅಂದರೆ 'ವಿಯು2' ಅಥವಾ 'ವಿಯು3' ಎಂದು ಆರಂಭವಾಗುವ ಕಾಲ್‌ಸೈನಿನಿಂದ, ಕರೆಯುತ್ತಾನೆ. ಸಂದೇಶ ಕೇಳಿದವನು ಅದನ್ನು ಬರೆದುಕೊಂಡು ಮತ್ತೆ ಓದಿ ಹೇಳುತ್ತಾನೆ. ರಕ್ತದ ಗುಂಪು, ಔಷಧಿಯ ಹೆಸರು ಇದ್ದರೆ ಅಕ್ಷರ ಬಿಡಿಸಿ ಹೇಳಬೇಕು. ಇದು ಒಂದೇ ದಿನದಲ್ಲಿ ಬರುವ ವಿದ್ಯೆಯಲ್ಲ. ಕ್ಲಬ್ಬುಗಳ ಬೆಳಗಿನ ನೆಟ್‌ಗಳು ಹೊರಗಿನವರಿಗೆ ಹರಟೆಯಂತೆ ಕೇಳಿಸಬಹುದು. ನನ್ನ ಪ್ರಕಾರ ನಿಜವಾದ ತಾಲೀಮು ಅದೇ.

ಲೈಸೆನ್ಸಿಗೆ 12 ವರ್ಷ ತುಂಬಿರಬೇಕು, ಪರೀಕ್ಷೆ ಪಾಸಾಗಬೇಕು. ರಿಸ್ಟ್ರಿಕ್ಟೆಡ್ ಎಂಬ ಆರಂಭಿಕ ದರ್ಜೆಯ ಲೈಸೆನ್ಸಿಗೆ ಮೋರ್ಸ್ ಸಂಕೇತದ ಗೊಡವೆಯಿಲ್ಲ. ಬಹುಕಾಲದಿಂದ ಇದ್ದ ಶುಲ್ಕ ಹೀಗೆ: ಪರೀಕ್ಷೆಗೆ 100 ರೂಪಾಯಿ, ಲೈಸೆನ್ಸಿಗೆ 20 ವರ್ಷಕ್ಕೆ 1,000, ಜೀವಮಾನಕ್ಕೆ 2,000. ಅರ್ಜಿ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ. ಈಗಿನ ದರವನ್ನೂ ಅಲ್ಲೇ ನೋಡಿಕೊಳ್ಳಿ. ಕಲಿಯಲು ಆಂಧ್ರದವರಿಗೆ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೊ ಸಂಸ್ಥೆ ಹತ್ತಿರ. ನಮ್ಮವರಿಗೆ 1959ರಿಂದ ಇರುವ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್ ಇದೆ.

ಒಂದು ಕಿವಿಮಾತು. ಆನ್‌ಲೈನಿನಲ್ಲಿ ಅಗ್ಗದ ಸೆಟ್ಟು ಕಂಡರೆ ದುಡುಕಬೇಡಿ. ಲೈಸೆನ್ಸ್ ಇಲ್ಲದೆ ಅದರಲ್ಲಿ ಮಾತಾಡುವುದು ಅಪರಾಧ. ಮೊದಲು ಪರೀಕ್ಷೆಗೆ ಓದಿ, ಸೆಟ್ಟು ಆಮೇಲೆ ಕೊಳ್ಳಿ.