ತೂಕ ಒಂದೇ, ಉದ್ದ ಬೇರೆ

ದಾಂಡೇಲಿ ಅಂದರೆ ಕಾಗದ. 1955ರ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಇರುವ ಊರು. ಒಂದು ಹಾಳೆ ಹರಿದು ಅಂಚನ್ನು ಬೆಳಕಿಗೆ ಹಿಡಿಯಿರಿ. ಕೂದಲಿಗಿಂತ ನವಿರಾದ ಎಳೆಗಳು ಹೊರಚಾಚಿರುತ್ತವೆ. ಆ ಎಳೆಗಳ ಸರಕು ಸೆಲ್ಯುಲೋಸ್.

ಅದೇ ಹಾಳೆಯ ಅಂಚು ಬೆರಳು ಕೊಯ್ದರೆ? ಒಂದು ಹನಿ ರಕ್ತ. ಅದಕ್ಕೆ ಕೆಂಪು ಬಣ್ಣ ಕೊಡುವ ಪ್ರೋಟೀನ್ ಆದ ಹಿಮೋಗ್ಲೋಬಿನ್‌ನ ಅಣುತೂಕ ಸುಮಾರು 64,500 ಡಾಲ್ಟನ್. ಇಷ್ಟು ಗೊತ್ತಿದ್ದರೆ ಸಾಕು, ಗಾತ್ರ ಅಂದಾಜಿಸಬಹುದು. ಸಾಮಾನ್ಯವಾಗಿ ಒಂದು ಗ್ರಾಂ ಪ್ರೋಟೀನ್ ಹಿಡಿಯುವ ಜಾಗ 0.73 ಘನ ಸೆಂಟಿಮೀಟರ್. ಅಣುವನ್ನು ದುಂಡನೆಯ ಉಂಡೆ ಅಂದುಕೊಂಡರೆ ಲೆಕ್ಕ ಸಲೀಸು: ಅಣುತೂಕದ ಘನಮೂಲ ಸುಮಾರು 40, ಅದನ್ನು 0.066ರಿಂದ ಗುಣಿಸಿ. ತ್ರಿಜ್ಯ 2.65 ನ್ಯಾನೋಮೀಟರ್, ಅಂದರೆ ಅಡ್ಡಳತೆ 5.3. ನಿಜವಾದ ಅಣು ಇದಕ್ಕಿಂತ ತುಸು ದೊಡ್ಡದು, ಯಾಕೆಂದರೆ ಅದು ನುಣುಪಾದ ಉಂಡೆಯಲ್ಲ.

ಕಾಗದದ ಮುಂದೆ ಈ ಸೂತ್ರ ಕೈಕೊಡುತ್ತದೆ.

ಸೆಲ್ಯುಲೋಸ್ ಗ್ಲೂಕೋಸ್ ಮಣಿಗಳ ಸರ. ಸರದಲ್ಲಿ ಒಂದೊಂದು ಮಣಿಯ ತೂಕ 162 ಡಾಲ್ಟನ್, ಉದ್ದ ಅರ್ಧ ನ್ಯಾನೋಮೀಟರ್. 400 ಮಣಿ ಪೋಣಿಸಿದರೆ ತೂಕ 64,800, ಹೆಚ್ಚುಕಡಿಮೆ ಹಿಮೋಗ್ಲೋಬಿನ್‌ನಷ್ಟೇ. ಉದ್ದ ಮಾತ್ರ 200 ನ್ಯಾನೋಮೀಟರ್!

ಅಂಥ ಹತ್ತು ಸಾವಿರ ಸರಗಳನ್ನು ಸಾಲಾಗಿ ಜೋಡಿಸಿದರೆ ಎರಡು ಮಿಲಿಮೀಟರ್. ಕಾಗದವಾಗುವ ಬಿದಿರಿನ ಒಂದು ನಾರೂ ಹತ್ತಿರಹತ್ತಿರ ಅಷ್ಟೇ ಉದ್ದ.