ಸುಂದರಬನಕ್ಕೆ ಹೊರಟಿದ್ದೀರಾ? ಮೊದಲು ಇಳಿತದ ಹೊತ್ತು ಕೇಳಿ

ಕಬಿನಿ, ಬಂಡೀಪುರದ ಜೀಪ್ ಸಫಾರಿ ಮಾಡಿ ರೂಢಿಯಾದವರು ಪಶ್ಚಿಮ ಬಂಗಾಳದ ಸುಂದರಬನಕ್ಕೂ ಅದೇ ಲೆಕ್ಕಾಚಾರ ಇಟ್ಟುಕೊಂಡು ಹೋಗುತ್ತಾರೆ. ಎರಡು ದಿನ ಲಾಂಚಿನಲ್ಲಿ ಸುತ್ತಿ, ‘ಬರೀ ನೀರು, ಕೆಸರು’ ಎಂದು ಬೇಸರದಿಂದ ಮರಳುತ್ತಾರೆ. ಇಷ್ಟು ಸಮೃದ್ಧ ಕಾಡನ್ನು ಕಣ್ಣೆದುರೇ ಇಟ್ಟುಕೊಂಡು ನೋಡದೆ ಬರುವುದು ನಿಜಕ್ಕೂ ನೋವಿನ ಸಂಗತಿ.

ತಪ್ಪು ಕಲ್ಪನೆ: ಬೆಳ್ಳಂಬೆಳಗ್ಗೆ ಹೊರಟರೆ ಪ್ರಾಣಿಗಳು ಸಿಗುತ್ತವೆ.

ವಾಸ್ತವ: ಇಲ್ಲಿ ಗಡಿಯಾರದ ಮಾತು ನಡೆಯದು, ನೀರು ಹೇಳಿದಂತೆ ನಡೆಯಬೇಕು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ದಿನದಿಂದ ದಿನಕ್ಕೆ ಅವು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತವೆ. ಈ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನೀರು ಪೂರ್ತಿ ಇಳಿದಿದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಬಹುತೇಕ ತುಂಬಿರುತ್ತದೆ. ತುಂಬಿದಾಗ ಕಾಣುವುದು ನೀರಿಗೆ ತಾಗಿ ನಿಂತ ಹಸಿರಷ್ಟೆ. ಇಳಿದಾಗ ಕೆಸರಿನ ದಂಡೆ ತೆರೆದುಕೊಳ್ಳುತ್ತದೆ. ಒಂದು ಕೈ ಮಾತ್ರ ದೊಡ್ಡದಾಗಿರುವ ಗಂಡು ಏಡಿಗಳು ಅದನ್ನೆತ್ತಿ ಬೀಸುತ್ತಾ ಹೆಣ್ಣನ್ನು ಕರೆಯುತ್ತವೆ. ಮಡ್‌ಸ್ಕಿಪ್ಪರ್ ಮೀನುಗಳು ಎದೆಯ ರೆಕ್ಕೆಗಳನ್ನು ಊರಿ ಕೆಸರಿನ ಮೇಲೆ ತೆವಳುತ್ತವೆ, ಜಿಗಿಯುತ್ತವೆ. ಚಳಿಗಾಲದಲ್ಲಿ ಉಪ್ಪುನೀರಿನ ಮೊಸಳೆಗಳು ಬಿಸಿಲು ಕಾಯಿಸಲು ಇದೇ ದಂಡೆಗೆ ಏರುತ್ತವೆ, ಅದೂ ಬಿಸಿಲು ಬಲಿತ ಮೇಲೆ. ಕೇವ್‌ರಾ ಮರದಲ್ಲಿ ಕೋತಿಗಳು ಎಲೆ ಕಿತ್ತು ಉದುರಿಸುತ್ತಿದ್ದರೆ ಕೆಳಗೆ ಜಿಂಕೆಗಳು ಮೇಯುತ್ತಿರುವ ಸಾಧ್ಯತೆ ಹೆಚ್ಚು. ಆದ್ದರಿಂದ ಪ್ರವಾಸದ ದಿನ ಗೊತ್ತುಮಾಡುವಾಗಲೇ ಹಗಲಿನ ಇಳಿತ ಎಷ್ಟು ಗಂಟೆಗೆ ಎಂದು ಕೇಳಿಬಿಡಿ.

ತಪ್ಪು ಕಲ್ಪನೆ: ಹುಲಿ ಕಾಣದಿದ್ದರೆ ಹಣ ದಂಡ.

ವಾಸ್ತವ: 2022ರ ಗಣತಿಯಂತೆ ಭಾರತದ ಸುಂದರಬನದಲ್ಲಿ ಇರುವುದು ಸುಮಾರು 100 ಹುಲಿಗಳು. ಆ ಗಣತಿಯ ಹೊತ್ತಿಗೆ ಹುಲಿ ಮೀಸಲು ಪ್ರದೇಶದ ವಿಸ್ತಾರವೇ ಸುಮಾರು 2,585 ಚದರ ಕಿಲೋಮೀಟರ್ ಇತ್ತು. ಪ್ರವಾಸಿ ದೋಣಿಗಳಿಗೆ ಅನುಮತಿ ಇರುವುದು ಅದರ ಕೆಲವೇ ಕೆಲವು ಜಲಮಾರ್ಗಗಳಲ್ಲಿ. ಹುಲಿ ಸಿಕ್ಕರೆ ಭಾಗ್ಯ. ಆದರೆ ಹುಲಿಯ ಹೆಜ್ಜೆ ಓದುವುದನ್ನು ನೋಡಲು ಭಾಗ್ಯ ಬೇಕಿಲ್ಲ, ಒಳ್ಳೆಯ ಗೈಡ್ ಇದ್ದರೆ ಸಾಕು. ದಂಡೆಯ ಮೇಲೆ ಉಬ್ಬರದ ನೀರು ಎಲ್ಲಿಯವರೆಗೆ ಬಂದಿತ್ತು ಎಂಬ ಗೆರೆ ಇರುತ್ತದೆ. ಹೆಜ್ಜೆಗುರುತು ಆ ಗೆರೆಗಿಂತ ಕೆಳಗಿದ್ದರೆ, ನೀರು ಇಳಿದ ಮೇಲೆಯೇ ಹುಲಿ ಅಲ್ಲಿ ದಾಟಿದೆ; ಎಂದರೆ ಕೆಲವೇ ತಾಸುಗಳ ಹಿಂದೆ. ಗುರುತಿನ ಅಂಚು ಇನ್ನೂ ಚೂಪಾಗಿದ್ದರೆ ದೋಣಿಯಲ್ಲಿ ಯಾರೂ ಮಾತಾಡುವುದಿಲ್ಲ. ಕಾಡಿನ ಬಗ್ಗೆ ಇದಕ್ಕಿಂತ ಸೊಗಸಾದ ಪಾಠವನ್ನು ನಾನು ಕಂಡಿಲ್ಲ.

ತಪ್ಪು ಕಲ್ಪನೆ: ನೆಲದಿಂದ ಮೊಳೆಗಳಂತೆ ಎದ್ದಿರುವ ಬೇರುಗಳು ನೀರು ಕುಡಿಯಲು, ಈ ಗಿಡಗಳಿಗೆ ಉಪ್ಪೇ ಆಹಾರ.

ವಾಸ್ತವ: ಅವು ಉಸಿರುಬೇರುಗಳು. ಸದಾ ನೆನೆದ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲವಾದ್ದರಿಂದ ಬೇರು ಮೇಲೆದ್ದು ಗಾಳಿ ಹಿಡಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುವುದೂ ಇದೇ ಕಾರಣಕ್ಕೆ: ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಅದನ್ನು ಗಲೀಜು ಎಂದು ಮೂಗು ಮುಚ್ಚಿಕೊಳ್ಳಬೇಕಿಲ್ಲ. ಉಪ್ಪನ್ನು ಈ ಮರಗಳು ಸಹಿಸಿಕೊಳ್ಳುತ್ತವೆ, ಅಷ್ಟೆ. ಕೆಲವು ಬೇರಿನಲ್ಲೇ ಸೋಸಿದರೆ, ಅವಿಸೀನಿಯಾ ಮರ ಎಲೆಯ ಗ್ರಂಥಿಗಳಿಂದ ಹೊರಹಾಕುತ್ತದೆ. ಒಣ ದಿನಗಳಲ್ಲಿ ಎಲೆ ಸವರಿದರೆ ಬೆರಳಿಗೆ ಉಪ್ಪಿನ ಹರಳು ಅಂಟುತ್ತದೆ. ಸುಂದರಿ ಮರಕ್ಕಂತೂ ಸಿಹಿನೀರಿನ ಬೆರಕೆ ಬೇಕು. ಗಂಗೆಯ ಸಿಹಿನೀರು ಕಡಿಮೆಯಾಗಿ ಉಪ್ಪೇರಿದ ಭಾರತದ ಭಾಗದಲ್ಲಿ ಅದು ವಿರಳ, ಬಾಂಗ್ಲಾದೇಶದ ಕಡೆ ಹೇರಳ. ಇಷ್ಟನ್ನು ತಿಳಿಯಲು ಬಂಗಾಳದವರೆಗೆ ಹೋಗಲೇಬೇಕೆಂದೂ ಇಲ್ಲ. ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆಯ ಕಾಲುದಾರಿ ಇದೆ, ಇಳಿತದ ಹೊತ್ತಿಗೆ ಹೋಗಿ ಬನ್ನಿ.

ತಪ್ಪು ಕಲ್ಪನೆ: ಉಪ್ಪುನೀರು ಕುಡಿದು ಇಲ್ಲಿನ ಹುಲಿಗಳು ನರಭಕ್ಷಕಗಳಾಗಿವೆ, ಪ್ರವಾಸ ಅಪಾಯ.

ವಾಸ್ತವ: ಉಪ್ಪಿನ ಕಥೆ ಒಂದು ಊಹೆ, ಸಾಬೀತಾಗಿಲ್ಲ. ಸಜ್ನೇಖಾಲಿ, ಸುಧನ್ಯಖಾಲಿ, ದೊಬಾಂಕಿಯ ವೀಕ್ಷಣಾ ಗೋಪುರಗಳ ಬಳಿ ಅರಣ್ಯ ಇಲಾಖೆ ತೋಡಿಸಿದ ಸಿಹಿನೀರಿನ ಕೊಳಗಳಿಗೆ ಪ್ರಾಣಿಗಳು ಬರುತ್ತವೆ. ಪ್ರವಾಸಿಗಳು ದೋಣಿಯಿಂದ ಇಳಿಯುವುದು ಬೇಲಿಯಿರುವ ಇಂಥ ಕಡೆಗಳಲ್ಲಿ ಮಾತ್ರ. ಹುಲಿಯ ಬಾಯಿಗೆ ಸಿಗುವವರು ಮೀನು, ಏಡಿ, ಜೇನಿಗಾಗಿ ಕಿರುಗಾಲುವೆಗಳ ಒಳಗೆ ಹೋಗಿ ಕೆಸರಿಗೆ ಕಾಲಿಡುವ ಬಡವರು. ಹಾಗೆ ಗಂಡನನ್ನು ಕಳೆದುಕೊಂಡ ಹೆಂಗಸರನ್ನು ಅಲ್ಲಿ ‘ಬಾಘ್ ಬಿಧೊಬಾ’, ಹುಲಿ ವಿಧವೆ ಎನ್ನುತ್ತಾರೆ. ಅನುಮತಿಯಿಲ್ಲದೆ ಕಾಡು ಹೊಕ್ಕು ಸತ್ತವರ ಮನೆಗೆ ಪರಿಹಾರ ಸಿಗುವುದೂ ಕಷ್ಟ. ಲಾಂಚಿನಲ್ಲಿ ಕೂತು ‘ನರಭಕ್ಷಕ’ ಎಂದು ರೋಮಾಂಚನಪಡುವ ಮುನ್ನ ಇವರನ್ನು ನೆನೆಯಬೇಕು.

ತಪ್ಪು ಕಲ್ಪನೆ: ಗೈಡ್ ಕಡ್ಡಾಯ ಎಂಬುದು ಬರೀ ಸುಲಿಗೆ.

ವಾಸ್ತವ: ನೀರಿಳಿದರೆ ಯಾವ ಕಾಲುವೆಯಲ್ಲಿ ದೋಣಿ ಕೆಸರಿಗೆ ಕೂರುತ್ತದೆ, ಯಾವ ತಿರುವಿನಲ್ಲಿ ಎಂಜಿನ್ ನಿಲ್ಲಿಸಬೇಕು ಎಂಬುದು ಅವರಿಗೆ ಗೊತ್ತು. ಹಲವರು ಸುತ್ತಲಿನ ದ್ವೀಪಗಳವರೇ. ಪ್ರವಾಸಿಗಳಿಂದ ಒಂದು ಮನೆಗೆ ನಿಯಮಿತ ಸಂಬಳ ಬಂದರೆ ಆ ಮನೆಯವರು ಏಡಿ ಹಿಡಿಯಲು ಕಾಡಿಗೆ ಹೋಗುವ ಅಗತ್ಯ ಅಷ್ಟು ಕಡಿಮೆಯಾಗುತ್ತದೆ. ಪ್ಯಾಕೇಜಿನ ದರ ಇಳಿಸಲು ಚೌಕಾಸಿ ಮಾಡುವವರು ಗೈಡಿನ ಕೂಲಿಯನ್ನು ಆ ಲೆಕ್ಕದಿಂದ ಹೊರಗಿಡಿ.