ಖಳನ ಪಾತ್ರಕ್ಕೆ ಬಳ್ಳಾರಿ ಜಾಲಿ

1974ರಲ್ಲಿ ಬಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಥರದ ಕಥೆಯಾಟಕ್ಕೆ ಪ್ರಕೃತಿಯಿಂದಲೇ ಎದ್ದುಬಂದ ಖಳ ಬೇಕೆ? ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯಲ್ಲಿ ಅದು ಮುಳ್ಳು ಚಾಚಿ ನಿಂತಿದೆ: ಬಳ್ಳಾರಿ ಜಾಲಿ.

ಬರಡು ನೆಲ ಹಸಿರಾಗಲೆಂದು ಅಮೆರಿಕ ಖಂಡದಿಂದ ತಂದ ಗಿಡವಿದು. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಸಿಹಿ ಕಾಯಿ ಮೇದ ದನ, ಆಡುಗಳೇ ಸಗಣಿ, ಹಿಕ್ಕೆಯಲ್ಲಿ ಬೀಜ ಹರಡುತ್ತವೆ. ಖಳನಿಗೆ ಇದಕ್ಕಿಂತ ನಿಷ್ಠೆಯ ಸೈನ್ಯ ಎಲ್ಲಿ ಸಿಕ್ಕೀತು!

ಆದರೆ ಬಡವರ ಒಲೆಗೆ ಸೌದೆಯೂ ಇದೇ. ಆಟಗಾರರು ಕೊಡಲಿ ಎತ್ತಿದರೆ ಊರಿನವರೇ ಅಡ್ಡ ನಿಂತಾರು.

ಆಟದಲ್ಲಿ ಕಾಪಾಡಬೇಕಾದ ತಾಣ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ. 2024ರಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿದ ಈ ಕೆರೆಯಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಕರಿಜಾಲಿ ಮರಗಳ ಮೇಲೆ. ಹಾಗಾಗಿ ಕರಿಜಾಲಿಯನ್ನೇ ಕಡಿದುಬಿಡದಂತೆ ಆಟಗಾರರು ಮೊದಲು ಹೂವು ನೋಡಬೇಕು: ಕರಿಜಾಲಿಯದು ಹಳದಿ ಗುಂಡು, ಬಳ್ಳಾರಿ ಜಾಲಿಯದು ಉದ್ದನೆಯ ತೆನೆ.